ಬಂಗಲೆ ಬಿಟ್ಟು ಹಿತ್ತಲಿಗೆ ಬನ್ನಿ

ಅಮೆರಿಕದ ವರ್ಜೀನಿಯಾದಲ್ಲಿ, ಪೊಟೊಮ್ಯಾಕ್ ನದಿಯ ದಂಡೆಯ ಮೇಲೆ ಮೌಂಟ್ ವರ್ನನ್ ಇದೆ. ಜಾರ್ಜ್ ವಾಷಿಂಗ್ಟನ್ ಅವರ ಎಸ್ಟೇಟ್. ಬಂಗಲೆಯ ಗೋಡೆ ದೂರದಿಂದ ಕಲ್ಲಿನದು ಅನಿಸುತ್ತದೆ. ಹತ್ತಿರ ಹೋದರೆ ಮರದ ಹಲಗೆ! ಹಸಿ ಬಣ್ಣದ ಮೇಲೆ ಮರಳು ಎರಚಿ ಕಲ್ಲಿನ ವೇಷ ಹಾಕಿದ್ದಾರೆ. ನನಗೆ ಮಾತ್ರ ಸುತ್ತಲಿನ ಸಣ್ಣ ಕಟ್ಟಡಗಳ ಮೇಲೇ ಕಣ್ಣು. ಬಟ್ಟೆ ಒಗೆಯುವ ಮನೆ, ಮಾಂಸಕ್ಕೆ ಹೊಗೆ ಹಾಕುವ ಮನೆ, ಉಪ್ಪಿನ ಕೋಣೆ. ತಿಪ್ಪೆಗೂ ಒಂದು ಸೂರು. ಎಲ್ಲಕ್ಕಿಂತ ಮಜಾ ಐಸ್ ಮನೆಯದು.

ಫ್ರಿಜ್ ಇಲ್ಲದ ಕಾಲ. ಚಳಿಗಾಲದಲ್ಲಿ ನದಿಯ ಐಸ್ ಕಡಿದು ತಂದು ನೆಲದೊಳಗೆ ತುಂಬಿಟ್ಟರೆ ಬೇಸಿಗೆಗೆ ಸಿಗಬೇಕು. 1784ರ ಮೇ ತಿಂಗಳಲ್ಲಿ ವಾಷಿಂಗ್ಟನ್ ಐಸ್‌ಕ್ರೀಂ ಮಾಡುವ ಯಂತ್ರವನ್ನೂ ಕೊಂಡರು. ಜೂನ್ ಶುರುವಾಗುವಷ್ಟರಲ್ಲಿ ಐಸೇ ಖಾಲಿ! ಫಿಲಡೆಲ್ಫಿಯಾದ ಗೆಳೆಯ ರಾಬರ್ಟ್ ಮಾರಿಸ್ ಅವರಿಗೆ ಪತ್ರ ಬರೆದು, ನಿಮ್ಮದು ಹೇಗೆ ಉಳಿಯುತ್ತದೆ ಎಂದು ಕೇಳಿದರು.

ಮಾರಿಸ್ ವಿವರವಾಗಿ ಉತ್ತರಿಸಿದರು. ಗುಂಡಿ 18 ಅಡಿ ಆಳ, ಉದ್ದ ಅಗಲ 16 ಅಡಿ. ತಳದಲ್ಲಿ ಜಲ್ಲಿ. ಬಾಗಿಲು ಉತ್ತರಕ್ಕೆ. ಐಸನ್ನು ಸಣ್ಣಗೆ ಒಡೆದು ದಮ್ಮಸು ಹಾಕಿದರೆ ಒಂದೇ ಬಂಡೆಯಾಗುತ್ತದೆ, ಆಮೇಲೆ ಉಳಿಯಲ್ಲೋ ಕೊಡಲಿಯಲ್ಲೋ ಕಡಿಯಬೇಕು. ಅದು ಅಕ್ಟೋಬರ್, ನವೆಂಬರ್‌ವರೆಗೂ ಇರುತ್ತದೆ. ಒಂದು ವರ್ಷ ಐಸ್ ಬದಲು, ಮೇಲಿಂದ ಉದುರುವ ಹಿಮ ತುಂಬಿ ನೋಡಿದ್ದರಂತೆ. ಜೂನ್‌ಗೇ ಮುಗಿಯಿತು.

ಯಾಕೆ ಹೀಗೆ? ಒಂದು ಗ್ರಾಂ ಐಸ್ ಕರಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು. ಅಷ್ಟೇ ಶಾಖ ಕೊಟ್ಟರೆ, ಕರಗಿದ ಆ ನೀರು 80 ಡಿಗ್ರಿವರೆಗೆ ಕಾಯುತ್ತದೆ. ಅಂದರೆ ಐಸ್ ಶಾಖ ನುಂಗುವುದರಲ್ಲಿ ಬಕಾಸುರ. ಆದರೆ ಶಾಖ ಒಳಗೆ ಬರುವುದು ಮೈಮೇಲಿಂದ ತಾನೆ? ಬಂಡೆಯ ಉದ್ದ, ಅಗಲ, ಎತ್ತರ ಮೂರನ್ನೂ ಎರಡು ಪಟ್ಟು ಮಾಡಿ: ಐಸ್ 8 ಪಟ್ಟಾಗುತ್ತದೆ, ಮೈ ಬರೀ 4 ಪಟ್ಟು. ಗುಡ್ಡೆ ದೊಡ್ಡದಾದಷ್ಟೂ ಬಾಳಿಕೆ ಜಾಸ್ತಿ. ಹಿಮದಲ್ಲಿ ಗಾಳಿಯೇ ಹೆಚ್ಚು, ಅದೇ ಗುಂಡಿಯಲ್ಲಿ ತೂಕ ಕಡಿಮೆ. ಇನ್ನು ಜಲ್ಲಿ ಸುಮ್ನೆ ಅಲ್ಲ. ಕರಗಿದ ನೀರು ಅಲ್ಲೇ ನಿಂತರೆ ನೆಲದ ಶಾಖವನ್ನು ಐಸ್‌ಗೆ ದಾಟಿಸುತ್ತದೆ, ಅದಕ್ಕೇ ಬಸಿದು ಹೋಗಲಿ ಅಂತ.

ವಾಷಿಂಗ್ಟನ್ ತಮ್ಮ ಐಸ್ ಮನೆಯನ್ನು ಸುಧಾರಿಸಿಕೊಂಡರು. ಜನವರಿಯ ಕೊರೆಯುವ ನದಿಯಿಂದ ಐಸ್ ಕಡಿದು, ಹೊತ್ತು, ಗುಂಡಿಯಲ್ಲಿ ಕುಟ್ಟಿದ್ದು ಅವರಲ್ಲ, ಅಲ್ಲಿನ ಗುಲಾಮರು. 1799ರಲ್ಲಿ ಆ ಎಸ್ಟೇಟಿನಲ್ಲಿ ಅಂಥವರು 317 ಮಂದಿ ಇದ್ದರು. ಬೇಸಿಗೆಯ ಐಸ್‌ಕ್ರೀಂ ಬಂಗಲೆಯ ಮೇಜಿಗೆ ಹೋಗುತ್ತಿತ್ತು.