ಸರ್ಕಾರ ಬದಲಾದರೂ ರಕ್ಷಣಾ ನೀತಿ ಯಾಕೆ ಬದಲಾಗುವುದಿಲ್ಲ?

ಪ್ರಶ್ನೆ: ಚುನಾವಣೆಯಲ್ಲಿ ಪಕ್ಷಗಳು ಬರುತ್ತವೆ, ಹೋಗುತ್ತವೆ. ರಕ್ಷಣಾ ನೀತಿ ಮಾತ್ರ ಹಳೆಯ ಜಾಡು ಬಿಡುವುದಿಲ್ಲವಲ್ಲ, ಯಾಕೆ?

ಉತ್ತರ: ಗಡಿ, ಬಜೆಟ್, ಎದುರಾಳಿಯ ಬಲ ಇವೆಲ್ಲ ಕಾರಣಗಳೇ. ಇವುಗಳ ಜೊತೆಗೆ ತಜ್ಞರು ‘ವ್ಯೂಹಾತ್ಮಕ ಸಂಸ್ಕೃತಿ’ ಎಂದು ಕರೆಯುವುದೂ ಒಂದಿದೆ. ಯುದ್ಧ, ಶತ್ರು, ಮಿತ್ರ ಇವುಗಳ ಬಗ್ಗೆ ದೇಶವೊಂದು ಪೆಟ್ಟು ತಿಂದು ರೂಢಿಸಿಕೊಂಡ ಯೋಚನಾಕ್ರಮ ಅದು. 1977ರಲ್ಲಿ ಅಮೆರಿಕದ ರಾಜ್ಯಶಾಸ್ತ್ರಜ್ಞ ಜ್ಯಾಕ್ ಸ್ನೈಡರ್ ಸೋವಿಯತ್ ಅಣ್ವಸ್ತ್ರ ನೀತಿಯ ಬಗ್ಗೆ ಬರೆಯುತ್ತಾ ಈ ಪರಿಕಲ್ಪನೆಯನ್ನು ಮುಂದಿಟ್ಟರು.

ಇದನ್ನು ಜನರ ಹುಟ್ಟುಗುಣ ಎಂದುಕೊಂಡರೆ ದಾರಿ ತಪ್ಪಿದಂತೆ. ಅದು ಉಳಿಯುವುದು ಕಾನೂನು, ತರಬೇತಿ, ದಿನನಿತ್ಯದ ನಿಯಮಗಳಲ್ಲಿ. ಫಿನ್ಲೆಂಡನ್ನೇ ನೋಡಿ. 1939ರ ನವೆಂಬರ್‌ನಲ್ಲಿ ಸೋವಿಯತ್ ಸೇನೆ ನುಗ್ಗಿದಾಗ ಅದು ಹೆಚ್ಚುಕಡಿಮೆ ಒಂಟಿಯಾಗಿಯೇ ಹೋರಾಡಿತು. ಕಳೆದುಕೊಂಡ ನೆಲದಿಂದ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮನೆಮಠ ಬಿಟ್ಟು ಬಂದರು. ‘ಯಾರನ್ನೂ ನಂಬಿ ಕೂರಬಾರದು’ ಎಂಬ ಆ ಪಾಠ ಇಂದಿಗೂ ಅಲ್ಲಿನ ಕಟ್ಟಡ ನಿಯಮಗಳಲ್ಲಿದೆ: ದೊಡ್ಡ ಕಟ್ಟಡ ಕಟ್ಟುವವರು ಬಾಂಬ್ ದಾಳಿ ತಡೆಯುವ ಆಶ್ರಯತಾಣವನ್ನೂ ಕಟ್ಟಬೇಕು. 1961ರಿಂದ ನಡೆಯುತ್ತಿರುವ ರಾಷ್ಟ್ರೀಯ ರಕ್ಷಣಾ ಕೋರ್ಸ್‌ಗಳಲ್ಲಿ ಸಂಸದರು, ಉದ್ಯಮಿಗಳು, ಪತ್ರಕರ್ತರು ಒಂದೇ ಕೋಣೆಯಲ್ಲಿ ಕೂತು ಕಲಿಯುತ್ತಾರೆ. ಹೊರಗೆ ಕಿತ್ತಾಡುವವರೂ ರಕ್ಷಣೆಯ ವಿಷಯದಲ್ಲಿ ಒಂದೇ ಭಾಷೆ ಆಡುವುದರಲ್ಲಿ ಇದರ ಪಾಲು ದೊಡ್ಡದು ಎಂದೇ ನನ್ನ ಎಣಿಕೆ.

ಪಕ್ಕದ ಸ್ವೀಡನ್ 1814ರ ನಂತರ ಯುದ್ಧಕ್ಕಿಳಿದಿಲ್ಲ. ಶೀತಲ ಸಮರ ಮುಗಿದು ಅಪಾಯ ದೂರವಾದಂತೆ ಕಂಡಾಗ, 2010ರಲ್ಲಿ ಕಡ್ಡಾಯ ಸೇನಾಸೇವೆಯನ್ನು ತಡೆಹಿಡಿಯಿತು. 2017ರಲ್ಲಿ ಮತ್ತೆ ತಂದಿತು. ಫಿನ್ಲೆಂಡ್ ಮಾತ್ರ ಅದನ್ನು ಬಿಡಲೇ ಇಲ್ಲ. (ಸುಮಾರು 1,340 ಕಿ.ಮೀ. ರಷ್ಯಾ ಗಡಿಯೂ ಅದಕ್ಕೆ ಕಾರಣ ಅನ್ನಿ. ಎಲ್ಲವನ್ನೂ ಸಂಸ್ಕೃತಿಯ ತಲೆಗೆ ಕಟ್ಟುವ ಚಟ ಕೆಲವು ತಜ್ಞರಿಗಿದೆ.)

ಹಾಗಾದರೆ ಬದಲಾವಣೆಯೇ ಇಲ್ಲವೇ? ಇದೆ, ದೊಡ್ಡ ಆಘಾತವಾದಾಗ. ರಷ್ಯಾ 2022ರಲ್ಲಿ ಉಕ್ರೇನ್ ಮೇಲೆ ಪೂರ್ಣಪ್ರಮಾಣದ ದಾಳಿಗಿಳಿದ ಮೂರೇ ತಿಂಗಳೊಳಗೆ ಈ ಎರಡೂ ದೇಶಗಳು ನ್ಯಾಟೋ ಬಾಗಿಲು ತಟ್ಟಿದವು. ಆದರೂ ಹಳೆಯ ರೂಢಿ ಪೂರ್ತಿ ಅಳಿಯುವುದು ಅಪರೂಪ. ರಕ್ಷಣಾ ವೆಚ್ಚ ಒಟ್ಟು ರಾಷ್ಟ್ರೀಯ ಉತ್ಪನ್ನದ (ಜಿಎನ್‌ಪಿ) ಶೇ 1 ಮೀರಬಾರದೆಂಬ 1976ರ ಮಿತಿಯನ್ನು ಜಪಾನ್ ಹತ್ತು ವರ್ಷಗಳಲ್ಲೇ ಅಧಿಕೃತವಾಗಿ ಕೈಬಿಟ್ಟಿತು. ಖರ್ಚು ಮಾತ್ರ ಮುಂದೆಯೂ ದಶಕಗಳ ಕಾಲ ಅದರ ಆಸುಪಾಸಿನಲ್ಲೇ ನಿಂತಿತ್ತು. 2022ರ ಡಿಸೆಂಬರ್‌ನಲ್ಲಿ ಜಿಡಿಪಿಯ ಶೇ 2ರ ಗುರಿಯನ್ನೂ ಶತ್ರುನೆಲೆಗಳಿಗೆ ಹೊಡೆಯಬಲ್ಲ ದೂರಗಾಮಿ ಕ್ಷಿಪಣಿಗಳನ್ನೂ ಟೋಕಿಯೊ ಘೋಷಿಸಿತು, ಅದೂ ‘ಕೇವಲ ಆತ್ಮರಕ್ಷಣೆ’ ಎಂಬ ತನ್ನ ಹಳೆಯ ನೀತಿಯ ಚೌಕಟ್ಟಿನೊಳಗೇ ಎಂದು ಹೇಳಿಕೊಂಡು.