ಸೂಜಿ ಚುಚ್ಚದೆ ಸ್ಕ್ಯಾನಿಂಗ್: ಕಹಿ ಮದ್ದಿನಿಂದ ಮೂಗಿನ ಸ್ಪ್ರೇವರೆಗೆ

ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆ ಮಗುವಿನ ತಲೆ ಸ್ಕ್ಯಾನ್ ಮಾಡಿಸಬೇಕು ಎಂದರೆ ಹೆಚ್ಚಿನವರು ಮಂಗಳೂರಿನ ಬಸ್ಸು ಹತ್ತುತ್ತಾರೆ. 2000ದವರೆಗೂ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಸೀಮೆ ಇದು. ಫಿಟ್ಸ್ ಬರುವ, ಮಾತು, ನಡಿಗೆ ತಡವಾದ ಮಕ್ಕಳ ಕಷ್ಟ ಇಲ್ಲಿನವರಿಗೆ ಹೊಸದಲ್ಲ.

ಈಗಿನ ಸಿಟಿ ಸ್ಕ್ಯಾನ್ ಕೆಲವೇ ಸೆಕೆಂಡಿನ ಕೆಲಸ. ಎಂಆರ್‌ಐ ಹಾಗಲ್ಲ. ಕಿವಿಗಡಚಿಕ್ಕುವ ಸದ್ದಿನ ನಡುವೆ ಅರ್ಧ ಗಂಟೆ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಹೊತ್ತು ಅಲುಗಾಡದೆ ಮಲಗಬೇಕು. ಎಳೆಗೂಸಿಗೆ ಹೊಟ್ಟೆ ತುಂಬ ಹಾಲು ಕೊಟ್ಟು, ಬಟ್ಟೆಯಲ್ಲಿ ಸುತ್ತಿದರೆ ಎಷ್ಟೋ ಸಲ ತಾನೇ ನಿದ್ದೆ ಹೋಗುತ್ತದೆ. ಎರಡು ವರ್ಷದ ಮಗು ಎಲ್ಲಿ ಸುಮ್ನೆ ಮಲಗುತ್ತದೆ? ಅದಕ್ಕೇ ನಿದ್ದೆ ಬರಿಸುವ ಮದ್ದು ಬೇಕಾಗುತ್ತದೆ.

ಸೂಜಿ ಇಲ್ಲದೆ ನಿದ್ದೆ ಬರಿಸುವ ಮದ್ದಿನ ಕಥೆ ಹಳೆಯದು. ಕ್ಲೋರಲ್ ಹೈಡ್ರೇಟನ್ನು 1832ರಲ್ಲಿ ಜರ್ಮನಿಯ ಲೀಬಿಗ್ ತಯಾರಿಸಿದ್ದರು. ಅದರಿಂದ ನಿದ್ದೆ ಬರುತ್ತದೆ ಎಂದು 1869ರಲ್ಲಿ ತೋರಿಸಿದ್ದು ಬರ್ಲಿನ್ನಿನ ಲೀಬ್ರೈಕ್. ಸ್ಕ್ಯಾನಿಂಗ್ ಯಂತ್ರಗಳು ಬಂದಾಗ ಮಕ್ಕಳ ವೈದ್ಯರ ಕೈಗೆ ಸಿಕ್ಕಿದ್ದು ಇದೇ ಮದ್ದು. ಆದರೆ ವಿಪರೀತ ಕಹಿ, ಹೊಟ್ಟೆ ತೊಳಸುತ್ತದೆ, ಕುಡಿಸಿದ ಅರ್ಧ ಹೊರಗೆ ಬರುತ್ತದೆ. ನಮ್ಮ ದೇಶದಲ್ಲಿ ಹೆಚ್ಚು ಬಳಕೆಯಾದ ಟ್ರೈಕ್ಲೋಫಾಸ್ ಸಿರಪ್ ಅದರದೇ ಸಂಬಂಧಿ. ದೇಹದೊಳಗೆ ಎರಡೂ ಒಂದೇ ವಸ್ತುವಾಗಿ ಬದಲಾಗುತ್ತವೆ. ಟ್ರೈಕ್ಲೋಫಾಸ್‌ನ ರುಚಿ ಸ್ವಲ್ಪ ವಾಸಿ, ಅಷ್ಟೆ.

ಮುಂದೆ ಮೂಗಿನ ದಾರಿ ತೆರೆಯಿತು. ಮೊದಲು ಬಳಕೆಗೆ ಬಂದದ್ದು ಮಿಡಜೋಲಾಮ್. ಅದು ಮೂಗಿನಲ್ಲಿ ಉರಿಯುತ್ತದೆ, ಮಕ್ಕಳು ಅತ್ತುಬಿಡುತ್ತಾರೆ. ನಿಜವಾದ ತಿರುವು ತಂದದ್ದು ಡೆಕ್ಸ್‌ಮೆಡಿಟೋಮಿಡಿನ್. ಅಮೆರಿಕದಲ್ಲಿ ಇದಕ್ಕೆ 1999ರಲ್ಲಿ ಒಪ್ಪಿಗೆ ಸಿಕ್ಕಿದ್ದು ಐಸಿಯುವಿನ ದೊಡ್ಡವರಿಗೆ, ರಕ್ತನಾಳದ ಮೂಲಕ ಕೊಡಲು. ಇದನ್ನು ಮಕ್ಕಳ ಮೂಗಿಗೆ ಕೊಟ್ಟು ನೋಡಿದ್ದು ಆಮೇಲೆ. ಬಣ್ಣವಿಲ್ಲ, ಉರಿಯೂ ಇಲ್ಲ. ಸೂಜಿ ತೆಗೆದ ಸಿರಿಂಜಿನ ತುದಿಗೆ ಮೆತ್ತನೆಯ ಸ್ಪ್ರೇ ಮೂತಿ ಸಿಕ್ಕಿಸಿ, ಎರಡೂ ಹೊಳ್ಳೆಗೆ ಅರ್ಧರ್ಧ ಸಿಂಪಡಿಸುತ್ತಾರೆ. ಮಗು ಅಮ್ಮನ ಮಡಿಲಲ್ಲೇ ಇರುತ್ತದೆ. ಸುಮಾರು ಅರ್ಧ ಗಂಟೆಯಲ್ಲಿ ನಿದ್ದೆ ಹತ್ತುತ್ತದೆ. ಉಸಿರಾಟವನ್ನು ಇದು ಅಷ್ಟಾಗಿ ತಗ್ಗಿಸುವುದಿಲ್ಲ ಎಂಬುದೇ ವೈದ್ಯರಿಗೆ ದೊಡ್ಡ ಸಮಾಧಾನ. ಆದರೆ ನಾಡಿಬಡಿತ ಇಳಿಯುತ್ತದೆ.

ಹಾಗಾಗಿ ಸೂಜಿ ಇಲ್ಲ ಎಂದ ಮಾತ್ರಕ್ಕೆ ಇದನ್ನು ಹಗುರವಾಗಿ ನೋಡಬಾರದು. ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ ಇರಬೇಕು. ಉಸಿರು ತಪ್ಪಿದರೆ ನಿಭಾಯಿಸಬಲ್ಲವರು ಪಕ್ಕದಲ್ಲೇ ಇರಬೇಕು. ಅವರಿಲ್ಲದ ಕಡೆ ಸ್ಕ್ಯಾನ್ ಮುಂದೂಡುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ನಿದ್ದೆಯ ಮದ್ದು ಕೊಡುವ ಮೊದಲು ಹೊಟ್ಟೆ ಖಾಲಿ ಇರಬೇಕೆಂಬ ನಿಯಮ ನಮ್ಮೂರಿನವರಿಗೆ ಬಹಳ ಕಷ್ಟ. ಸಾಮಾನ್ಯವಾಗಿ ಊಟ, ತಿಂಡಿಗೆ 6 ಗಂಟೆ, ಎದೆಹಾಲಿಗೆ 4, ಬರೀ ನೀರಿಗೆ 2 ಗಂಟೆ ಅಂತರ ಬೇಕು. ಕತ್ತಲಲ್ಲೇ ಮನೆ ಬಿಟ್ಟ ಮಗು ಉಪ್ಪಳ ದಾಟುವಷ್ಟರಲ್ಲಿ ಹಸಿದು ಅಳುತ್ತದೆ. ಕನಿಕರದಿಂದ ಅಜ್ಜಿ ಒಂದು ಬಿಸ್ಕತ್ತು ಕೊಟ್ಟಿರುತ್ತಾರೆ. ಮಂಪರಿನಲ್ಲಿ ವಾಂತಿಯಾದರೆ ಅದೇ ಶ್ವಾಸಕೋಶಕ್ಕೆ ಇಳಿಯಬಹುದು. ಅಜ್ಜಿಯನ್ನು ಗದರಿಸಿ ಏನು ಪ್ರಯೋಜನ? ಸ್ಕ್ಯಾನಿಂಗಿಗೆ ಟೈಮ್ ಕೊಡುವವರು ಮನೆ ಎಲ್ಲಿ, ಬಸ್ಸು ಎಷ್ಟು ಹೊತ್ತಿಗೆ ಎಂದು ಮೊದಲೇ ಕೇಳಬೇಕು.

ವಾಪಸು ಹೊರಡುವಾಗಲೂ ಅವಸರ ಬೇಡ. ಕ್ಲೋರಲ್, ಟ್ರೈಕ್ಲೋಫಾಸ್‌ನ ಮಂಪರು ಗಂಟೆಗಟ್ಟಲೆ ಉಳಿಯಬಹುದು. ಕಣ್ಣು ಬಿಟ್ಟ ಮಗು ಕಾರಿನಲ್ಲಿ ಮತ್ತೆ ನಿದ್ದೆಗೆ ಜಾರಿ, ತಲೆ ಮುಂದಕ್ಕೆ ಬಾಗಿದರೆ ಉಸಿರಿನ ದಾರಿ ಕಟ್ಟಿಕೊಳ್ಳಬಹುದು. ಮಗು ಪೂರ್ತಿ ಎಚ್ಚರಾಗಿ, ನಿಮ್ಮನ್ನು ಗುರುತು ಹಿಡಿದು, ನೀರು ಕುಡಿದ ಮೇಲೆ, ವೈದ್ಯರು ನೋಡಿ ಹೇಳಿದ ನಂತರವೇ ಹೊರಡಿ. ದಾರಿಯಲ್ಲಿ ಒಬ್ಬರು ಹಿಂದಿನ ಸೀಟಿನಲ್ಲಿ ಮಗುವಿನ ಪಕ್ಕವೇ ಕೂತು ಅದರ ತಲೆ, ಉಸಿರು ನೋಡುತ್ತಿರಲಿ.