ಹಾರುವ ಬಿಲ್ಲೆಗೆ ಮೊದಲ ಈಡು

ಕಾಸರಗೋಡಿನ ಒಳನಾಡಿನಲ್ಲಿ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಕೆ ತೋಟಗಳ ನಡುವಿನ ಹಳೆಯ ಮನೆಗಳಿಗೆ ಜೋಡುನಳಿಗೆಯ ಕೋವಿ ಅಪರಿಚಿತವಲ್ಲ. ಕಾಡುಹಂದಿಗಳ ಹಾವಳಿ ಮಿತಿಮೀರಿದಾಗ, ಅವುಗಳನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಕೇರಳ ಸರಕಾರವು 2022ರಲ್ಲಿ ಸ್ಥಳೀಯ ಸಂಸ್ಥೆಗಳಿಗೆ ವಹಿಸಿತು. ಪರವಾನಗಿ ಇರುವ ಕೋವಿಯವರಿಗೆ ಮತ್ತೆ ಕರೆ ಬರತೊಡಗಿತು. ಇಂಥ ಪರಿಸರದಲ್ಲಿ ಬೆಳೆದವರು ಗುರಿಯಿಡುವ ಕ್ರಮ ಒಂದೇ. ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ನಳಿಗೆಯ ತುದಿಯ ಮಣಿಯನ್ನು ಪ್ರಾಣಿಯ ಮೇಲೆ ಕೂರಿಸಿ, ಕೋವಿ ಅಲುಗದಂತೆ ನಿಲ್ಲಿಸಿಕೊಂಡು ಟ್ರಿಗರ್ ಎಳೆಯುವುದು. ಕನ್ನಡದ ಇನ್ನೊಂದು ಗಡಿಯಾದ ಕೊಲ್ಲಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ಸ್ಪರ್ಧೆಯ ಕಂಚು ಗೆದ್ದುದು ಕೂಡ ಇದೇ ನಿಶ್ಚಲತೆಯನ್ನು ಪರಾಕಾಷ್ಠೆಗೆ ಒಯ್ದು. ಆದರೆ ಗಾಳಿಯಲ್ಲಿ ಹಾರುವ ಬಿಲ್ಲೆಗೆ ಗುಂಡು ಹೊಡೆಯುವ ಕ್ಲೇ ಶೂಟಿಂಗ್‌ನಲ್ಲಿ ಈ ಅಭ್ಯಾಸವೇ ಮೊದಲ ಅಡ್ಡಿ. ಘಟ್ಟದಾಚೆಯ ಒಂದು ರೇಂಜ್‌ಗೆ ನನ್ನ ಸೋದರಳಿಯ ಮೊದಲ ಬಾರಿ ಹೋದಾಗ ಜೊತೆಗಿದ್ದ ನನಗೆ ಅಲ್ಲಿ ಕಂಡದ್ದು ಬರಿಯ ಆಟವಲ್ಲ. ಮನುಷ್ಯನ ಕಣ್ಣು ಮತ್ತು ಕೈ ಹೇಗೆ ಕೂಡಿ ಕೆಲಸ ಮಾಡುತ್ತವೆ ಎಂಬುದರ ಒಂದು ಸ್ವಚ್ಛವಾದ ಪ್ರಯೋಗ.

ಮೊದಲು ಆ ಬಿಲ್ಲೆಯನ್ನೇ ಕೈಗೆತ್ತಿಕೊಳ್ಳೋಣ. ಸುಮಾರು 11 ಸೆಂಟಿಮೀಟರ್ ವ್ಯಾಸ, ಎರಡೂವರೆ ಸೆಂಟಿಮೀಟರ್ ಎತ್ತರ, 105 ಗ್ರಾಂ ತೂಕದ, ಬೋರಲು ಹಾಕಿದ ಪುಟ್ಟ ತಟ್ಟೆಯಂಥ ವಸ್ತು. ಕ್ಲೇ ಎಂದು ಕರೆದರೂ ಅದರಲ್ಲಿ ಜೇಡಿಮಣ್ಣಿಲ್ಲ. ಸುಣ್ಣಕಲ್ಲಿನ ಪುಡಿಯನ್ನು ಡಾಂಬರಿನಂಥ ಅಂಟಿನೊಡನೆ ಬೆರೆಸಿ ಅಚ್ಚಿನಲ್ಲಿ ಒತ್ತಿರುತ್ತಾರೆ. ಮೇಲ್ಮೈಯ ಕಿತ್ತಳೆ ಬಣ್ಣದ ಅಡಿಯಲ್ಲಿ ಅದು ಕಪ್ಪಗೆ, ನುಣ್ಣಗೆ ಇರುತ್ತದೆ, ಅಂಚಿನ ಸುತ್ತ ಸಾಲುಸಾಲಾಗಿ ಏಣುಗಳಿರುತ್ತವೆ. ಬೆರಳಿನಿಂದ ಒತ್ತಿದರೆ ಗಟ್ಟಿ, ಕಲ್ಲಿನ ಮೇಲೆ ಬಿದ್ದರೆ ಚೂರು. ಯಂತ್ರದ ತೋಳು ಬೀಸಿ ಎಸೆಯುವಾಗಿನ ರಭಸವನ್ನು ತಾಳಿಕೊಳ್ಳಬೇಕು, ಆದರೆ ಅಕ್ಕಿಕಾಳಿಗಿಂತ ಚಿಕ್ಕದಾದ ಸೀಸದ ಚರೆ ತಗುಲಿದರೆ ಸಿಡಿಯಬೇಕು ಎಂಬ ಎರಡು ವಿರುದ್ಧ ಬೇಡಿಕೆಗಳ ನಡುವೆ ಹದಗೊಂಡ ವಸ್ತು ಇದು. ಯಂತ್ರದ ತೋಳಿನಿಂದ ಹೊರಡುವಾಗ ಬಿಲ್ಲೆ ತಿರುಗುತ್ತಲೇ ಹೊರಡುತ್ತದೆ. ಹಾಗೆ ತಿರುಗುವ ವಸ್ತು ತನ್ನ ಅಕ್ಷದ ದಿಕ್ಕನ್ನು ಸುಲಭವಾಗಿ ಬಿಟ್ಟುಕೊಡದ ಕಾರಣ ಅದು ಮಗುಚದೆ, ಗುಮ್ಮಟದಾಕಾರದ ಬೆನ್ನಿನ ಮೇಲೆ ಗಾಳಿಯನ್ನು ಜಾರಿಸುತ್ತ, ಎರಡು ಬದಿಗಳಿಂದ ಬಿಲ್ಲೆ ಅಡ್ಡಹಾಯುವ ಸ್ಕೀಟ್ ಎಂಬ ಪ್ರಕಾರದಲ್ಲಿ ಸುಮಾರು 68 ಮೀಟರ್, ಆಟಗಾರನ ಮುಂದಿನಿಂದ ದೂರಕ್ಕೆ ಹಾರುವ ಟ್ರ್ಯಾಪ್‌ನಲ್ಲಿ ಸುಮಾರು 76 ಮೀಟರ್ ದೂರ ಸಾಗುತ್ತದೆ. ಹೊರಡುವ ಕ್ಷಣದಲ್ಲಿ ಅದರ ವೇಗ ಗಂಟೆಗೆ 90ರಿಂದ 100 ಕಿಲೋಮೀಟರಿನ ಆಸುಪಾಸು.

ಈ ಬಿಲ್ಲೆ ಬರುವ ಮುನ್ನ ಅದರ ಜಾಗದಲ್ಲಿ ಜೀವಂತ ಪಾರಿವಾಳಗಳಿದ್ದವು. 1900ರ ಪ್ಯಾರಿಸ್ ಕ್ರೀಡಾಕೂಟದಲ್ಲಿ ಕೂಡ ಅವುಗಳನ್ನು ಹಾರಿಬಿಟ್ಟು ಕೊಂದರು. ಅಮೆರಿಕದ ಸಿನ್ಸಿನಾಟಿಯ ಜಾರ್ಜ್ ಲಿಗೋವ್ಸ್ಕಿ 1880ರಲ್ಲಿ ಸುಟ್ಟ ಮಣ್ಣಿನ ಹಾರುಬಿಲ್ಲೆಯನ್ನು ರೂಪಿಸಿದ್ದರಿಂದ ಈ ಆಟ ಹಿಂಸೆಯಿಂದ ಬಿಡುಗಡೆ ಹೊಂದುವ ದಾರಿ ತೆರೆಯಿತು. ಕ್ರೀಡೆಯ ಇತಿಹಾಸದಲ್ಲಿ ಇದಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲವೆಂದೇ ನನ್ನ ಭಾವನೆ.

ಇನ್ನು ತೋಟೆ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ 12 ಬೋರ್ ಕೋವಿಯ ತೋಟೆಯೊಂದರಲ್ಲಿ 24 ಗ್ರಾಂ ಸೀಸದ ಚರೆ ಇರುತ್ತದೆ. ಒಂದೊಂದು ಚರೆಯ ವ್ಯಾಸ ಸುಮಾರು 2.4 ಮಿಲಿಮೀಟರ್ ಎಂದುಕೊಂಡರೆ ಒಟ್ಟು ಸುಮಾರು 300 ಚರೆಗಳು. ಸೆಕೆಂಡಿಗೆ 400 ಮೀಟರಿನಷ್ಟು ವೇಗದಲ್ಲಿ ನಳಿಗೆ ಬಿಡುವ ಈ ಗುಂಪು ಹೋದಂತೆ ಹೋದಂತೆ ಹರಡುತ್ತದೆ. ಎಷ್ಟು ಹರಡಬೇಕೆಂಬುದನ್ನು ನಿರ್ಧರಿಸುವುದು ನಳಿಗೆಯ ತುದಿಯ ಅತಿಸಣ್ಣ ಕಿರಿದಾಗುವಿಕೆ. ಅದಕ್ಕೆ ಚೋಕ್ ಎನ್ನುತ್ತಾರೆ. ಪೂರ್ಣ ಚೋಕ್ ಇರುವ ನಳಿಗೆಯಾದರೆ ಸುಮಾರು 36 ಮೀಟರ್ ದೂರದಲ್ಲಿ 76 ಸೆಂಟಿಮೀಟರ್ ವ್ಯಾಸದ ವೃತ್ತದೊಳಗೆ ನೂರಕ್ಕೆ 70 ಚರೆಗಳು ಬೀಳುತ್ತವೆ, ಚೋಕ್ ಇಲ್ಲದ ನಳಿಗೆಯಾದರೆ 40 ಮಾತ್ರ. ಇಷ್ಟು ಅಗಲದ ಬಲೆ ಬೀಸಿದರೂ ಬಿಲ್ಲೆ ಏಕೆ ತಪ್ಪಿಸಿಕೊಳ್ಳುತ್ತದೆ ಎಂಬುದೇ ಹೊಸಬನನ್ನು ಕಾಡುವ ಪ್ರಶ್ನೆ.

ಲೆಕ್ಕ ಹಾಕಿ ನೋಡಿದರೆ ಉತ್ತರ ಸಿಗುತ್ತದೆ. ಎದುರಿನಲ್ಲಿ ಅಡ್ಡಲಾಗಿ, 20 ಮೀಟರ್ ದೂರದಲ್ಲಿ, ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಬಿಲ್ಲೆಯೊಂದು ಹಾದುಹೋಗುತ್ತಿದೆ ಎಂದಿಟ್ಟುಕೊಳ್ಳಿ. ಗಾಳಿಯ ತಡೆಯಿಂದ ಚರೆಗಳ ವೇಗ ಕುಂದುತ್ತ ಹೋಗುವುದರಿಂದ ಆ ದೂರ ಕ್ರಮಿಸಲು ಅವಕ್ಕೆ ಸೆಕೆಂಡಿನ ನೂರರಲ್ಲಿ ಆರು ಭಾಗದಷ್ಟು ಸಮಯ ಬೇಕು. ಅಷ್ಟರಲ್ಲಿ ಬಿಲ್ಲೆ ಸುಮಾರು 1.2 ಮೀಟರ್ ಮುಂದೆ ಹೋಗಿರುತ್ತದೆ. ಅಂದರೆ ತನ್ನ ಅಗಲದ ಹತ್ತು ಪಟ್ಟಿಗಿಂತ ಹೆಚ್ಚು. ನೇರ ಬಿಲ್ಲೆಗೇ ಹೊಡೆದವನ ಚರೆಯೆಲ್ಲ ಅದರ ಹಿಂದಿನ ಖಾಲಿ ಗಾಳಿಗೆ ಬೀಳುತ್ತದೆ. ಬೇಸಿಗೆಯಲ್ಲಿ ಕೊಳವೆ ಹಿಡಿದು ತೋಟಕ್ಕೆ ನೀರು ಚಿಮ್ಮಿಸಿದವರಿಗೆ ಇದು ಗೊತ್ತು: ಕೊಳವೆಯ ಬಾಯಿ ಈಗ ತೋರಿಸುತ್ತಿರುವ ಮರಕ್ಕೆ ನೀರು ತುಸು ಹೊತ್ತಿನ ಮೇಲಷ್ಟೇ ತಲುಪುತ್ತದೆ.

ಆದರೆ 1.2 ಮೀಟರ್ ಅರ್ಧ ಕತೆ ಮಾತ್ರ. ಕಣ್ಣಿಗೆ ಕಂಡದ್ದಕ್ಕೆ ಬೆರಳು ಸ್ಪಂದಿಸಲು ಮನುಷ್ಯನಿಗೆ ಸೆಕೆಂಡಿನ ಐದನೇ ಒಂದು ಭಾಗ ಬೇಕಾಗುತ್ತದೆ. ಕೋವಿಯನ್ನು ಒಂದು ಕಡೆ ನಿಲ್ಲಿಸಿಕೊಂಡು, ಬಿಲ್ಲೆ ಸರಿಯಾದ ಜಾಗಕ್ಕೆ ಬಂತು ಎಂದು ಕಂಡ ಮೇಲೆ ಟ್ರಿಗರ್ ಎಳೆಯುವವನು ಈ ವಿಳಂಬದಲ್ಲಿ ಇನ್ನೂ ನಾಲ್ಕು ಮೀಟರ್ ಕಳೆದುಕೊಳ್ಳುತ್ತಾನೆ. ಒಟ್ಟು ಐದು ಮೀಟರಿಗಿಂತ ಹೆಚ್ಚಿನ ಈ ಅಂತರವನ್ನು, ಆಕಾಶದ ಹಿನ್ನೆಲೆಯಲ್ಲಿ, ಪ್ರತಿ ಸಲವೂ ಬದಲಾಗುವ ಕೋನಗಳಲ್ಲಿ ಅಳೆದು ಹೊಡೆಯುವುದು ಯಾರಿಂದಲೂ ಆಗದು. ಕೋವಿ ಚಲಿಸುತ್ತಲೇ ಇದ್ದರೆ ಮಾತ್ರ ಈ ಎರಡನೆಯ ನಷ್ಟ ಬಹುಪಾಲು ಇಲ್ಲವಾಗುತ್ತದೆ, ಏಕೆಂದರೆ ಬೆರಳು ತಡಮಾಡಿದ ಹೊತ್ತಿನಲ್ಲಿ ನಳಿಗೆಯೂ ಬಿಲ್ಲೆಯ ಜೊತೆಯಲ್ಲೇ ಮುಂದೆ ಸರಿದಿರುತ್ತದೆ. ಬಿಲ್ಲೆಯ ಹಿಂದಿನಿಂದ ಹೊರಟು, ಅದರ ಹಾದಿಯಲ್ಲೇ ಸಾಗಿ, ಅದನ್ನು ದಾಟುತ್ತಿರುವಾಗಲೇ ಟ್ರಿಗರ್ ಎಳೆದು, ಎಳೆದ ಮೇಲೂ ಬೀಸನ್ನು ನಿಲ್ಲಿಸದಿರುವುದು ತರಬೇತುದಾರರು ಹೊಸಬರಿಗೆ ಕಲಿಸುವ ಒಂದು ಮುಖ್ಯ ವಿಧಾನ. ಇಲ್ಲಿ ನಳಿಗೆ ಬಿಲ್ಲೆಗಿಂತ ವೇಗವಾಗಿ ಚಲಿಸುವುದರಿಂದ ಬೇಕಾದ ಮುನ್ನಡೆಯ, ಅಂದರೆ ಬಿಲ್ಲೆಗಿಂತ ಮುಂದೆ ಗುರಿಯಿಡಬೇಕಾದ ಅಂತರದ, ದೊಡ್ಡ ಪಾಲು ತಾನಾಗಿಯೇ ಒದಗುತ್ತದೆ. ನಿಶ್ಚಲತೆಯನ್ನು ರೂಢಿಸಿಕೊಂಡ ಬೇಟೆಯ ಕೈ ಟ್ರಿಗರ್ ಎಳೆಯುವ ಕ್ಷಣಕ್ಕೆ ತನಗರಿವಿಲ್ಲದೆ ನಿಂತುಬಿಡುತ್ತದೆ, ಬಿಲ್ಲೆ ಬಚಾವಾಗುತ್ತದೆ. ಸೋದರಳಿಯನ ಹಿಂದೆ, ಬಲ ಭುಜದ ಬಳಿ ನಿಂತಿದ್ದ ತರಬೇತುದಾರರು ಪ್ರತಿ ಈಡಿಗೂ ಹೇಳುತ್ತಿದ್ದುದು “ಹಿಂದೆ, ಹಿಂದೆ” ಎಂದೇ. ನುರಿತ ಕಣ್ಣಿಗೆ ಆ ಕೋನದಿಂದ ಚರೆಗಳ ಗುಂಪು ಬೂದು ಬಣ್ಣದ ಮಿಂಚಿನಂತೆ ಅರೆಕ್ಷಣ ಕಾಣುತ್ತದೆ; ನನಗೆ ಆಕಾಶವಲ್ಲದೆ ಬೇರೇನೂ ಕಾಣಲಿಲ್ಲ.

ಕೈ ಏಕೆ ನಿಲ್ಲುತ್ತದೆ ಎಂಬುದಕ್ಕೆ ಕಾರಣ ಕಣ್ಣಿನಲ್ಲಿದೆ. ನಮ್ಮ ದೃಷ್ಟಿಯ ತೀಕ್ಷ್ಣಭಾಗ ಅಕ್ಷಿಪಟಲದ ನಡುವಿನ ಪುಟ್ಟ ಕುಳಿಯೊಂದಕ್ಕೆ ಸೀಮಿತವಾಗಿದ್ದು, ಅದು ಒಮ್ಮೆಗೆ ಸುಮಾರು ಎರಡು ಡಿಗ್ರಿಯಷ್ಟನ್ನು ಮಾತ್ರ ಸ್ಪಷ್ಟವಾಗಿ ಹಿಡಿಯಬಲ್ಲದು. 20 ಮೀಟರ್ ದೂರದ ಬಿಲ್ಲೆ ನಮಗೆ ಹುಣ್ಣಿಮೆಯ ಚಂದ್ರನಿಗಿಂತಲೂ ಚಿಕ್ಕದಾಗಿ ಕಾಣುತ್ತದೆ, ಅದೂ ಸೆಕೆಂಡಿಗೆ ಐವತ್ತಕ್ಕೂ ಹೆಚ್ಚು ಡಿಗ್ರಿ ಸರಿಯುತ್ತ. ಅದನ್ನು ಹಿಂಬಾಲಿಸಲು ಕಣ್ಣು ಮೊದಲು ಒಂದು ಜಿಗಿತದಲ್ಲಿ ಬಿಲ್ಲೆಯ ಮೇಲೆ ಬಂದು ಕೂತು, ಅನಂತರ ಅದರೊಡನೆ ನುಣುಪಾಗಿ ಸಾಗುತ್ತದೆ. ಹೀಗೆ ಸಾಗುವಾಗ ಮಿದುಳು ಬಿಲ್ಲೆಯ ಮುಂದಿನ ಸ್ಥಾನವನ್ನು ಊಹಿಸಿ ಕೈಗೂ ಅದೇ ಸುದ್ದಿ ಕಳುಹಿಸುತ್ತಿರುತ್ತದೆ. ಈ ನಡುವೆ ನಳಿಗೆಯ ಮಣಿ ಎಲ್ಲಿದೆ ಎಂದು ಪರೀಕ್ಷಿಸಲು ದೃಷ್ಟಿಯನ್ನು ಹಿಂದಕ್ಕೆ ತಂದರೆ ಸರಪಳಿ ಕಡಿಯುತ್ತದೆ. ಒಂದು ಮೀಟರ್ ದೂರದ ಮಣಿಯನ್ನೂ 20 ಮೀಟರ್ ದೂರದ ಬಿಲ್ಲೆಯನ್ನೂ ಕಣ್ಣಿನ ಮಸೂರ ಒಟ್ಟಿಗೆ ಸ್ಪಷ್ಟಗೊಳಿಸಲಾರದು. ಬಿಲ್ಲೆ ಮಸುಕಾಗುತ್ತದೆ, ಊಹೆಗೆ ಆಧಾರ ತಪ್ಪುತ್ತದೆ, ಕೈ ನಿಲ್ಲುತ್ತದೆ. ಕೆನಡಾದ ವಿಜ್ಞಾನಿ ಜೋನ್ ವಿಕರ್ಸ್ ಕ್ರೀಡಾಪಟುಗಳ ನೋಟವನ್ನು ಅಧ್ಯಯನ ಮಾಡಿ, ಕ್ರಿಯೆಗೆ ಮುಂಚಿನ ಕೊನೆಯ ಸ್ಥಿರನೋಟದ ಮಹತ್ವವನ್ನು ತೋರಿಸಿಕೊಟ್ಟರು. ಶಾಟ್‌ಗನ್ (ಚರೆ ಹಾರಿಸುವ ಕೋವಿ) ಆಟಗಾರರ ಮೇಲೆ 2010ರಲ್ಲಿ ಪ್ರಕಟವಾದ ಅಧ್ಯಯನವೂ ನುರಿತವರ ನೋಟ ಬಿಲ್ಲೆಯ ಮೇಲೆ ಬೇಗ ನೆಲೆಸುತ್ತದೆ, ಹೆಚ್ಚು ಹೊತ್ತು ನೆಲೆಸಿರುತ್ತದೆ ಎಂದೇ ಕಂಡುಕೊಂಡಿತು. ಬಿಲ್ಲೆಯನ್ನಷ್ಟೇ ನೋಡು, ಕೋವಿಯನ್ನು ನೋಡಬೇಡ ಎಂಬ ರೇಂಜ್‌ನ ಹಳೆಯ ಬುದ್ಧಿವಾದಕ್ಕೆ ಇದಕ್ಕಿಂತ ಗಟ್ಟಿಯಾದ ಸಮರ್ಥನೆ ಬೇಕಿಲ್ಲ.

ಎರಡು ಕಣ್ಣುಗಳಲ್ಲಿ ಯಾವುದು ಪ್ರಬಲ ಎಂಬುದನ್ನೂ ಮೊದಲ ದಿನವೇ ಪರೀಕ್ಷಿಸುತ್ತಾರೆ. ಎರಡೂ ಕೈಗಳನ್ನು ಮುಂದೆ ಚಾಚಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಬಿಟ್ಟು, ಅದರ ಮೂಲಕ ದೂರದ ತೆಂಗಿನ ಶಿರವೊಂದನ್ನು ನೋಡಿ. ಬಳಿಕ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ಮುಚ್ಚಿದಾಗ ತೆಂಗು ಕಿಂಡಿಯಿಂದ ಮಾಯವಾಗುತ್ತದೋ ಅದೇ ಪ್ರಬಲ ಕಣ್ಣು. ಶಾಟ್‌ಗನ್‌ಗೆ ಹಿಂದಿನ ಗುರಿಕಿಂಡಿ ಇರುವುದಿಲ್ಲ, ಆ ಕೆಲಸ ಮಾಡುವುದು ಆಟಗಾರನ ಕಣ್ಣೇ. ಹಾಗಾಗಿ ಬಲಭುಜಕ್ಕೆ ಕೋವಿ ಹಿಡಿದವನ ಎಡಗಣ್ಣು ಪ್ರಬಲವಾಗಿದ್ದರೆ, ಕಣ್ಣುಗಳ ನಡುವಿನ ಆರು ಚಿಲ್ಲರೆ ಸೆಂಟಿಮೀಟರಿನ ಅಂತರ 20 ಮೀಟರ್ ದೂರದಲ್ಲಿ ಸುಮಾರು 1.2 ಮೀಟರ್ ಎಡಕ್ಕೆ ಬೀಳುವ ತಪ್ಪಾಗಿ ಬೆಳೆಯುತ್ತದೆ. ಅದು ಮೇಲೆ ಲೆಕ್ಕ ಹಾಕಿದ ಮುನ್ನಡೆಗೆ ಸಮ! ಅಂಥವನು ಕೋವಿಯನ್ನು ಬಿಲ್ಲೆಯ ಮೇಲೇ ಹಿಡಿದರೆ ಎಡಕ್ಕೆ ಹಾರುವ ಬಿಲ್ಲೆ ಒಡೆಯುತ್ತದೆ, ಬಲಕ್ಕೆ ಹಾರುವುದು ದುಪ್ಪಟ್ಟು ಅಂತರದಿಂದ ತಪ್ಪುತ್ತದೆ. ಎಡಗಣ್ಣಿನ ಕನ್ನಡಕದ ಮೇಲೆ ಚಿಕ್ಕ ಅಪಾರದರ್ಶಕ ಪಟ್ಟಿ ಅಂಟಿಸುವುದು ಇದಕ್ಕೆ ಸರಳ ಪರಿಹಾರ.

ಹೊಸಬರಿಗೆ ಭುಜಕ್ಕೆ ಬೀಳುವ ಒದೆತದ ಭಯವಿರುತ್ತದೆ. ಮೂರೂವರೆ ಕಿಲೋ ತೂಕದ ಕೋವಿ 24 ಗ್ರಾಂ ಚರೆಯನ್ನು ಮುಂದಕ್ಕೆ ತಳ್ಳಿ ತಾನು ಸೆಕೆಂಡಿಗೆ ಮೂರು ಮೀಟರಿಗಿಂತ ತುಸು ಹೆಚ್ಚಿನ ವೇಗದಲ್ಲಿ ಹಿಂದಕ್ಕೆ ಬರುತ್ತದೆ. ಹಿಡಿಯನ್ನು ಭುಜದ ಕುಳಿಗೆ ಬಿಗಿಯಾಗಿ ಒತ್ತಿಕೊಂಡು, ಎಡಗಾಲಿನ ಮೇಲೆ ಭಾರ ಹಾಕಿ ಮುಂದಕ್ಕೆ ಬಾಗಿ ನಿಂತರೆ ಇಡೀ ಶರೀರ ಅದನ್ನು ಹಂಚಿಕೊಳ್ಳುತ್ತದೆ. ನಿಜವಾಗಿ ಭಯಪಡಬೇಕಾದದ್ದು ಸದ್ದಿಗೆ. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಊರಿನಲ್ಲಿ ವರ್ಷಗಟ್ಟಲೆ ಈಡು ಹೊಡೆದ ಹಿರಿಯರ ಮಂದವಾದ ಕಿವಿಗಳನ್ನು ನೋಡಿದವರು ಕಿವಿಮುಚ್ಚಿಕೆಯಿಲ್ಲದೆ ಕೋವಿ ಮುಟ್ಟಬಾರದು.

ಸ್ಕೀಟ್ ಮೈದಾನದಲ್ಲಿ ಎಂಟು ನಿಲ್ದಾಣಗಳು, ಎರಡು ಬದಿಗಳಿಂದ ಬಿಲ್ಲೆ ಹಾರಿಸುವ ಎರಡು ಗೂಡುಗಳು. ಹೊಸಬರನ್ನು ಸಾಮಾನ್ಯವಾಗಿ ಏಳನೆಯ ನಿಲ್ದಾಣದಲ್ಲಿ ನಿಲ್ಲಿಸಿ, ಪಕ್ಕದ ತಗ್ಗಿನ ಗೂಡಿನಿಂದ ಬಿಲ್ಲೆ ಬಿಡುತ್ತಾರೆ. ಅಲ್ಲಿಂದ ಅದು ಹೆಚ್ಚುಕಡಿಮೆ ನೇರವಾಗಿ ದೂರ ಸಾಗುವುದರಿಂದ ಮುನ್ನಡೆಯ ಗೊಡವೆಯಿಲ್ಲ. ಸೋದರಳಿಯನ ಮೊದಲ ಬಿಲ್ಲೆ ಒಡೆದದ್ದು ಅಲ್ಲೇ: ಕಿತ್ತಳೆ ಚುಕ್ಕೆಯ ಜಾಗದಲ್ಲಿ ಕಪ್ಪು ಪುಡಿಯ ಉಂಡೆ, ಅದರಿಂದ ಚದುರಿ ಬೀಳುವ ಎರಡು ಮೂರು ಚೂರುಗಳು. ಸ್ಪರ್ಧೆಯಲ್ಲಾದರೆ ಕಣ್ಣಿಗೆ ಕಾಣುವ ಒಂದೇ ಒಂದು ಚೂರು ಹಾರಿದರೂ ಅಂಕ ಸಿಗುತ್ತದೆ. ಈ ಆಟದಲ್ಲಿ ದೇಹಬಲಕ್ಕಿಂತ ನೋಟ ಮತ್ತು ಲಯವೇ ಮುಖ್ಯವೆಂಬುದನ್ನು ಜಗತ್ತಿಗೆ ತೋರಿದವರು ಚೀನಾದ ಝಾಂಗ್ ಶಾನ್. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಗಂಡಸರೂ ಹೆಂಗಸರೂ ಒಟ್ಟಿಗೆ ಸ್ಪರ್ಧಿಸಿದ ಸ್ಕೀಟ್‌ನ ಚಿನ್ನವನ್ನು ಆಕೆ ಗೆದ್ದರು. ನಮ್ಮಲ್ಲಿ 2004ರ ಅಥೆನ್ಸ್ ಒಲಿಂಪಿಕ್ಸ್‌ನ ಒಮ್ಮೆಗೇ ಎರಡು ಬಿಲ್ಲೆ ಹಾರಿಸುವ ಡಬಲ್ ಟ್ರ್ಯಾಪ್‌ನಲ್ಲಿ ರಾಜ್ಯವರ್ಧನ ಸಿಂಗ್ ರಾಠೋಡ್ ಬೆಳ್ಳಿ ಪಡೆದರು. ತಮಿಳುನಾಡಿನ ಪುದುಕೋಟೆಯ ಪೃಥ್ವಿರಾಜ್ ತೊಂಡೈಮಾನ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಟ್ರ್ಯಾಪ್‌ಗೆ ಇಳಿದರು.

ಇಂಥ ರೇಂಜ್ ನಮ್ಮ ಕಡೆಗೂ ಬರಲಿ ಎಂದು ಆಸೆಪಡುವ ಯುವಕರಿದ್ದಾರೆ. ನನಗೂ ಆ ಆಸೆಯಿದೆ, ಆದರೆ ಒಂದು ಷರತ್ತಿನೊಡನೆ. ಬಿಲ್ಲೆಗೆ ಹೊಡೆದ ಚರೆ 200 ಮೀಟರಿನವರೆಗೆ ಹೋಗಿ ಬೀಳುತ್ತದೆ. ಸುರಕ್ಷತೆಗಾಗಿ ಅದಕ್ಕಿಂತ ಉದ್ದದ ನಿರ್ಜನ ಬಯಲು ಬೇಕಾಗುತ್ತದೆ, ಅದಕ್ಕೆ ಒದಗುವುದು ನಮ್ಮ ಮುರಕಲ್ಲಿನ ಪದವುಗಳೇ, ಅಂದರೆ ಗುಡ್ಡದ ಮೇಲಿನ ಬಯಲುಗಳೇ. 25 ಬಿಲ್ಲೆಗಳ ಒಂದು ಸುತ್ತಿಗೆ ಒಬ್ಬ ಆಟಗಾರ ಅರ್ಧ ಕಿಲೋಗಿಂತ ಹೆಚ್ಚು ಸೀಸವನ್ನು ನೆಲಕ್ಕೆ ಚೆಲ್ಲುತ್ತಾನೆ. ಆಮ್ಲೀಯ ಮಣ್ಣು ಮತ್ತು ಭಾರಿ ಮಳೆ ಎರಡೂ ಸೇರಿದಲ್ಲಿ ಸೀಸ ಕರಗಿ ಹರಿಯುವ ಸಾಧ್ಯತೆ ಹೆಚ್ಚು, ಕಾಸರಗೋಡಿನಲ್ಲಿ ಇವೆರಡೂ ಧಾರಾಳವಾಗಿವೆ. ಪದವಿನ ಮೇಲೆ ಬಿದ್ದ ಮಳೆನೀರು ಮುರಕಲ್ಲಿನೊಳಗೆ ಇಳಿದು, ಗುಡ್ಡದ ಮಗ್ಗುಲಲ್ಲಿ ಹಿರಿಯರು ಕೊರೆದ ಸುರಂಗಗಳಲ್ಲಿ ಕುಡಿಯುವ ನೀರಾಗಿ ಜಿನುಗುತ್ತದೆ. ಗೇರುತೋಟಗಳ ಮೇಲೆ ಸಿಂಪಡಿಸಿದ ಎಂಡೋಸಲ್ಫಾನ್‌ನ ನೋವನ್ನು ಇನ್ನೂ ಅನುಭವಿಸುತ್ತಿರುವ ಜಿಲ್ಲೆಗೆ ಇನ್ನೊಂದು ವಿಷವನ್ನು ಮೇಲಿನಿಂದ ಸುರಿಯುವ ಹಕ್ಕು ಯಾವ ಆಟಕ್ಕೂ ಇಲ್ಲ. ಯುರೋಪಿನ ಒಕ್ಕೂಟವು 2023ರಿಂದ ಜೌಗು ನೆಲಗಳಲ್ಲಿ ಸೀಸದ ಚರೆಯನ್ನು ನಿಷೇಧಿಸಿದೆ. ಅಲ್ಲಿ ಅದರ ಬದಲಿಗೆ ಬಳಕೆಗೆ ಬಂದಿರುವುದರಲ್ಲಿ ಉಕ್ಕಿನ ಚರೆ ಮುಖ್ಯ. ಉಕ್ಕಿನ ಸಾಂದ್ರತೆ ಸೀಸದ ಮೂರನೇ ಎರಡು ಭಾಗಕ್ಕಿಂತ ಸ್ವಲ್ಪವೇ ಹೆಚ್ಚಾದ್ದರಿಂದ ಅದೇ ಗಾತ್ರದ ಚರೆ ಬೇಗ ವೇಗ ಕಳೆದುಕೊಳ್ಳುತ್ತದೆ, ದೂರದ ಬಿಲ್ಲೆಗೆ ತುಸು ದಪ್ಪನೆಯ ಚರೆಯನ್ನು ಆರಿಸಿಕೊಂಡು ಮುನ್ನಡೆಯನ್ನೂ ಮತ್ತೆ ಕಲಿಯಬೇಕಾಗುತ್ತದೆ. ಆಟವನ್ನು ಈಗಷ್ಟೇ ಶುರುಮಾಡುವ ಊರಿಗೆ ಅದು ಕಷ್ಟದ ಕೆಲಸವಲ್ಲ. ಇಲ್ಲಿ ಮೊದಲ ಈಡು ಹೊಡೆಯುವವರು ಉಕ್ಕಿನ ಚರೆಯ ಲೆಕ್ಕದಲ್ಲೇ ಕೈ ಪಳಗಿಸಿಕೊಳ್ಳಬಹುದು.